ಪೆಟ್ಟು ತಿಂದ ಮಿದುಳು, ಇಳಿಯದ ಕ್ಯಾಲ್ಸಿಯಂ

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬರುತ್ತಾರೆ, ಎಂದಿನಂತೆ ಕೆಲಸಕ್ಕೂ ಹೋಗತೊಡಗುತ್ತಾರೆ. ಹೀಗೆ ಗುಣವಾದವರಲ್ಲಿ ಕೆಲವರಿಗೆ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಕಳೆದ ಮೇಲೆ ಮೊದಲ ಸಲ ಫಿಟ್ಸ್ ಬರುತ್ತದೆ. ಪಾರ್ಶ್ವವಾಯು, ಮಿದುಳು ಜ್ವರ ಅಥವಾ ಬಹಳ ಹೊತ್ತು ನಿಲ್ಲದ ಫಿಟ್ಸ್ ಆದವರಲ್ಲೂ ಇದು ಉಂಟು. ಏನೂ ಆಗಿಲ್ಲವೆಂಬಂತೆ ಕಾಣುವ ಆ ನಡುವಿನ ಅವಧಿಯಲ್ಲಿ ಮಿದುಳಿನೊಳಗೆ ನಡೆಯುವುದೇನು? ಮೂರ್ಛೆರೋಗದ ಸಂಶೋಧನೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ನನಗೆ ಕಾಣುವುದಿಲ್ಲ. ಸಿಕ್ಕಿರುವ ಉತ್ತರಗಳಲ್ಲೊಂದು ಕ್ಯಾಲ್ಸಿಯಂನತ್ತ ಬೊಟ್ಟು ಮಾಡುತ್ತದೆ.

ಹಾಲು, ರಾಗಿಯಿಂದ ಮೈಗೆ ಸೇರುವ ಕ್ಯಾಲ್ಸಿಯಂ ಹೆಚ್ಚಾಯಿತೆಂಬ ಮಾತಲ್ಲ ಇದು. ಈ ಕಾರಣಕ್ಕೆ ಯಾರೂ ಅವನ್ನು ಬಿಡಬೇಕಿಲ್ಲ. ನರಕೋಶದ ಒಳಗಿನ ಲೆಕ್ಕವೇ ಬೇರೆ. ಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಹೀಗಾಗಿ ತುಂಬಿದ ಕೆರೆಯ ತೂಬು ಎತ್ತಿದಂತೆ, ಪೊರೆಯಲ್ಲಿನ ದ್ವಾರ ಕ್ಷಣಕಾಲ ತೆರೆದರೂ ಅದು ಒಳಕ್ಕೆ ನುಗ್ಗುತ್ತದೆ. ಆ ಏರಿಕೆಯೇ ಸಂಕೇತ. ಪಕ್ಕದ ಕೋಶಕ್ಕೆ ಸಂದೇಶ ಕಳಿಸುವುದು, ನೆನಪನ್ನು ಗಟ್ಟಿ ಮಾಡುವುದು, ಯಾವ ಜೀನ್ ಕೆಲಸ ಮಾಡಬೇಕೆಂದು ನಿರ್ಧರಿಸುವುದು ಎಲ್ಲಕ್ಕೂ ಅದು ಬೇಕು. ಕೆಲಸ ಮುಗಿದೊಡನೆ ಕೋಶವು ಕ್ಯಾಲ್ಸಿಯಂ ಅನ್ನು ಹೊರದೂಡಿ, ಉಳಿದುದನ್ನು ಒಳಗಿನ ಉಗ್ರಾಣಕ್ಕೆ ಸೇರಿಸಿ ಮಟ್ಟವನ್ನು ಇಳಿಸಿಕೊಳ್ಳುತ್ತದೆ.

ಮಿದುಳಿಗೆ ಪೆಟ್ಟಾದಾಗ ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿಮೀರಿ ಸುರಿದು, ಕ್ಯಾಲ್ಸಿಯಂ ಅನ್ನು ಒಳಬಿಡುವ ಎನ್‌ಎಂಡಿಎ ಎಂಬ ಗ್ರಾಹಕಗಳು ತೆರೆದುಕೊಳ್ಳುತ್ತವೆ. ಕ್ಯಾಲ್ಸಿಯಂ ವಿಪರೀತ ಏರಿದ ಕೋಶ ಸಾಯುತ್ತದೆ. ಆದರೆ ಸತ್ತ ಕೋಶ ಫಿಟ್ಸ್ ಹುಟ್ಟಿಸಲಾರದು. ಗಾಯಗೊಂಡೂ ಬದುಕುಳಿದ ಕೋಶಗಳೇ ರೋಗದ ಬೀಜ ಎಂದು ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ರಾಬರ್ಟ್ ಡಿಲೊರೆಂಜೊ ವಾದಿಸಿದರು.

ಅವರ ತಂಡ 2004ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗ ಈ ವಾದಕ್ಕೆ ಬಲ ಕೊಟ್ಟಿತು. ಪೈಲೋಕಾರ್ಪಿನ್ ಎಂಬ ಔಷಧದಿಂದ ಇಲಿಗಳಿಗೆ ದೀರ್ಘ ಫಿಟ್ಸ್ ಬರಿಸಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ನರಕೋಶಗಳನ್ನು ಪರೀಕ್ಷಿಸಿದರು. ಫಿಟ್ಸ್ ನಿಂತ ಮೇಲೂ ಕ್ಯಾಲ್ಸಿಯಂ ಮಟ್ಟ ಇಳಿದಿರಲಿಲ್ಲ. ಲಕ್ಷಣಗಳಿಲ್ಲದ ನಡುವಿನ ದಿನಗಳಲ್ಲೂ, ರೋಗ ಬೇರೂರಿದ ಮೇಲೂ ಅದು ಏರಿಯೇ ಇತ್ತು. ಅದೇ ಫಿಟ್ಸ್ ಅನುಭವಿಸಿಯೂ ಮೂರ್ಛೆರೋಗ ಬಾರದ ಇಲಿಗಳಲ್ಲಿ ಮಾತ್ರ ಏರಿಕೆ ಕಾಣಲಿಲ್ಲ. ಎನ್‌ಎಂಡಿಎ ಗ್ರಾಹಕಗಳನ್ನು ಮುಚ್ಚುವ ಎಂಕೆ-801 ಕೊಟ್ಟು ಆರಂಭದ ಏರಿಕೆಯನ್ನು ತಡೆದಾಗ ರೋಗವೂ ಬರಲಿಲ್ಲ. ಪೆಟ್ಟಿಗೂ ರೋಗಕ್ಕೂ ನಡುವಿನ ಕೊಂಡಿ ಕ್ಯಾಲ್ಸಿಯಂ ಎನ್ನಲು ಇದು ಗಟ್ಟಿಯಾದ ಸಾಕ್ಷಿ.

ಇಳಿಯದ ಕ್ಯಾಲ್ಸಿಯಂ ಮಾಡುವ ಹಾನಿ ನಿಧಾನದ್ದು. ಅದು ಕ್ಯಾಲ್ಸಿನ್ಯೂರಿನ್‌ನಂಥ ಕಿಣ್ವಗಳನ್ನು ಕೆರಳಿಸುತ್ತದೆ. ನರಕೋಶವನ್ನು ಶಾಂತವಾಗಿಡುವ ಗಾಬಾ ಗ್ರಾಹಕಗಳು ಪೊರೆಯಿಂದ ಒಳಸರಿಯುತ್ತವೆ. ಜೀನ್‌ಗಳ ವರ್ತನೆಯೂ ಬದಲಾಗುತ್ತದೆ. ಕೊನೆಗೆ ಸಣ್ಣ ಪ್ರಚೋದನೆಗೂ ಸಾವಿರಾರು ಕೋಶಗಳು ಒಟ್ಟಿಗೆ ಸಿಡಿಯತೊಡಗುತ್ತವೆ.

ನಮ್ಮಲ್ಲಿರುವ ಮಾತ್ರೆಗಳು ಫಿಟ್ಸ್ ಅನ್ನು ಹಿಡಿದಿಡುತ್ತವೆ, ರೋಗ ಹುಟ್ಟುವುದನ್ನು ತಡೆಯುವುದಿಲ್ಲ. 1990ರಲ್ಲಿ ನ್ಯಾನ್ಸಿ ಟೆಮ್‌ಕಿನ್ ಮತ್ತು ಸಂಗಡಿಗರು ತಲೆಗೆ ತೀವ್ರ ಪೆಟ್ಟಾದವರಿಗೆ ಫೆನಿಟಾಯಿನ್ ಕೊಟ್ಟು ನೋಡಿದರು. ಮೊದಲ ವಾರದ ಫಿಟ್ಸ್ ಕಡಿಮೆಯಾಯಿತು, ಆಮೇಲಿನದು ಕಡಿಮೆಯಾಗಲಿಲ್ಲ. ಎಂಕೆ-801 ಮನುಷ್ಯರಿಗೆ ಕೊಡುವಂಥದ್ದಲ್ಲ. ಕಲಿಕೆಗೂ ನೆನಪಿಗೂ ಬೇಕಾದ ದ್ವಾರವನ್ನೇ ಅದು ಮುಚ್ಚುತ್ತದೆ. ಅದಲ್ಲದೆ ರೋಗಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕ್ಯಾಲ್ಸಿಯಂ ಏರಿಯಾಗಿರುತ್ತದೆ. ಏರಿದ್ದನ್ನು ಇಳಿಸಬಲ್ಲ ಔಷಧ ಬೇಕು. ಅರಿವಳಿಕೆಯಿಂದ ಮೈ ವಿಪರೀತ ಕಾಯುವ ಅಪರೂಪದ ತುರ್ತಿನಲ್ಲಿ ಬಳಸುವ ಡ್ಯಾಂಟ್ರೊಲೀನ್, ಕೋಶದ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬರುವುದನ್ನು ತಡೆಯುತ್ತದೆ. ಪ್ರಯೋಗಾಲಯದ ನರಕೋಶಗಳಲ್ಲಿ ಅದು ಈ ಕೆಲಸ ಮಾಡಿ ತೋರಿಸಿದೆ. ಅಲ್ಲಿಂದ ರೋಗಿಯ ಹಾಸಿಗೆಯವರೆಗಿನ ದಾರಿ ಇನ್ನೂ ಉದ್ದ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟು. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದರಿಂದ ಯಾವ ಪ್ರಯೋಜನವೂ ಇಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರಿಗಾದರೂ ಹೊಸದಾಗಿ ಫಿಟ್ಸ್ ಶುರುವಾದರೆ, ವರ್ಷಗಳ ಹಿಂದೆ ತಲೆಗೆ ಬಿದ್ದ ಪೆಟ್ಟನ್ನೂ ವೈದ್ಯರಿಗೆ ಮರೆಯದೆ ಹೇಳಿ.