ಹಿತ್ತಿಲ ಹುಳುವೂ ಸಂಜೆಯ ಪತಂಗವೂ

ಬೆಳಗ್ಗೆ ಪೂಜೆಗೆ ನಂದಿಬಟ್ಟಲು ಬಿಡಿಸಹೋದಾಗ, ನಿನ್ನೆ ಎಲೆ ತುಂಬಿದ್ದ ಕೊಂಬೆ ಇಂದು ಬರಿದಾಗಿರುವುದನ್ನು ನಾವು ಕಂಡಿದ್ದೇವೆ. ನೆಲದ ಮೇಲೆ ಮೆಣಸಿನ ಕಾಳಿನಂತಹ ಹಿಕ್ಕೆಗಳು ಬಿದ್ದಿರುತ್ತವೆ. ಕಣ್ಣಿಟ್ಟು ಹುಡುಕಿದರೆ ಎಲೆಯ ಬಣ್ಣದ್ದೇ ಆದ, ಸುಮಾರು ೩ ಅಂಗುಲ ಉದ್ದದ ಹುಳುವೊಂದು ಸಿಕ್ಕುತ್ತದೆ. ಮುಟ್ಟಿದೊಡನೆ ಅದು ತಲೆಯನ್ನು ಒಳಗೆಳೆದುಕೊಂಡು, ಮೈಯ ಮುಂಭಾಗದಲ್ಲಿರುವ ಎರಡು ನೀಲಿ ಬೊಟ್ಟುಗಳನ್ನು ಕಣ್ಣುಗಳಂತೆ ಉಬ್ಬಿಸಿ ತೋರುತ್ತದೆ. ಬಾಲದಲ್ಲಿ ಸಣ್ಣದೊಂದು ಕೊಂಬು; ಅದು ಚುಚ್ಚುವುದಿಲ್ಲ. ಕಣಗಿಲೆಯೂ ಇದರ ಆಹಾರವೇ. ಸ್ವೀಡನ್ ದೇಶದ ಲಿನೇಯಸ್ ಪಂಡಿತನು ೧೭೫೮ರಲ್ಲಿ ಇದಕ್ಕೆ ಕಣಗಿಲೆಯ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದನು.

ಹುಳು ಸಾಕುವ ವಿದ್ಯೆ ಮೈಸೂರು ಸೀಮೆಗೆ ಹೊಸದಲ್ಲ. ಆದರೆ ರೇಷ್ಮೆಯ ಉದ್ಯಮದಲ್ಲಿ ನೂಲಿಗಾಗಿ ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಲ್ಲಬೇಕಾಗುತ್ತದೆ. ಇಲ್ಲಿ ನೂಲಿಲ್ಲ, ಲಾಭವಿಲ್ಲ. ಹುಳು ಹಾರಿಹೋಗುವುದನ್ನು ನೋಡುವುದೇ ಪ್ರತಿಫಲ.

ಸಲಕರಣೆ ಅಲ್ಪ. ಗಾಳಿಯಾಡುವಂತೆ ತೆಳುಬಟ್ಟೆ ಹೊದಿಸಿದ ಮರದ ಪೆಟ್ಟಿಗೆಯೊಂದಿದ್ದರೆ ಸಾಕು. ಹುಳು ಯಾವ ಗಿಡದ ಮೇಲೆ ಸಿಕ್ಕಿತೋ ಆ ಗಿಡದ ರೆಂಬೆಯನ್ನೇ ನೀರು ತುಂಬಿದ ಸೀಸೆಯಲ್ಲಿಡಬೇಕು. ಹುಳು ನೀರಿಗೆ ಬೀಳದಂತೆ ಸೀಸೆಯ ಬಾಯಿಗೆ ಹತ್ತಿ ತುರುಕಬೇಕು. ದಿನವೂ ಹೊಸ ಎಲೆ ಕೊಟ್ಟು, ಹಿಕ್ಕೆಯನ್ನು ತೆಗೆಯತಕ್ಕದ್ದು. ಪೆಟ್ಟಿಗೆಯನ್ನು ಬಿಸಿಲಿನಲ್ಲಿಡಬಾರದು. ಕಣಗಿಲೆಯ ಹಾಲು ವಿಷವಾದುದರಿಂದ ಕೆಲಸ ಮುಗಿದೊಡನೆ ಕೈ ತೊಳೆಯುವುದನ್ನು ಮರೆಯಲಾಗದು.

ಚೆನ್ನಾಗಿ ಮೇಯುತ್ತಿದ್ದ ಹುಳು ಒಂದು ದಿನ ಊಟ ಬಿಟ್ಟು, ಹಸಿರು ಕಳೆದುಕೊಂಡು ಕಂದಾಗಿ, ಪೆಟ್ಟಿಗೆಯ ತುಂಬ ಅಲೆಯತೊಡಗುತ್ತದೆ. ಮೊದಲ ಸಲ ನಾವು ಇದನ್ನು ರೋಗವೆಂದೇ ಬಗೆದು ಎಸೆಯಹೊರಟಿದ್ದೆವು. ಅದು ರೋಗವಲ್ಲ, ಕೋಶಾವಸ್ಥೆಯ ಮುನ್ಸೂಚನೆ. ಆಗ ತಳದಲ್ಲಿ ತುಸು ತೇವದ ಮಣ್ಣನ್ನೂ ಅದರ ಮೇಲೆ ಒಣಗಿದೆಲೆಗಳನ್ನೂ ಹರಡಿದರೆ, ಹುಳು ಎಲೆಗಳನ್ನು ಕೆಲವು ಎಳೆಗಳಿಂದ ಹೆಣೆದುಕೊಂಡು ಒಳಗೆ ಅಡಗುತ್ತದೆ. ಇನ್ನು ಸುಮಾರು ಎರಡು ವಾರ ಮುಟ್ಟದಿರುವುದೇ ಆರೈಕೆ.

ಎರಡನೆಯ ಸಲದ ತಪ್ಪು ಇದಕ್ಕಿಂತ ದೊಡ್ಡದು. ಚೆನ್ನಾಗಿ ಕಾಣಲೆಂದು ಕೋಶವನ್ನು ಗಾಜಿನ ಭರಣಿಯಲ್ಲಿಟ್ಟೆವು. ಹೊರಬಂದ ಪತಂಗದ ರೆಕ್ಕೆ ಮೊದಲು ಒದ್ದೆಯಾಗಿ ಮುದುಡಿರುತ್ತದೆ. ಅದು ಮೇಲೇರಿ ತೂಗಿಕೊಂಡು, ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಿ ಬಿಡಿಸಬೇಕು. ನುಣುಪಾದ ಗಾಜಿನಲ್ಲಿ ಕಾಲೂರಲಾರದೆ ಅದು ಮತ್ತೆ ಮತ್ತೆ ಜಾರಿತು. ಬೆಳಗಾಗುವಷ್ಟರಲ್ಲಿ ಮುದುಡಿದ ರೆಕ್ಕೆ ಹಾಗೆಯೇ ಗಟ್ಟಿಯಾಗಿತ್ತು. ಆಮೇಲೆ ಯಾವ ಉಪಚಾರವೂ ಫಲಿಸಲಿಲ್ಲ. ಅದಕ್ಕೆ ಬೇಕಾಗಿದ್ದುದು ಒಂದು ಒರಟು ಕಡ್ಡಿ ಮಾತ್ರ.

ಮೂರನೆಯ ಸಲ ಆ ಕಡ್ಡಿಯನ್ನು ನಿಲ್ಲಿಸಿದ್ದೆವು. ಹಸಿರು, ನಸುಗೆಂಪು, ಬಿಳುಪುಗಳು ಅಮೃತಶಿಲೆಯಲ್ಲಿಯಂತೆ ಬೆರೆತ, ಸುಮಾರು ೪ ಅಂಗುಲ ಅಗಲದ ರೆಕ್ಕೆಗಳು ಅದರ ಮೇಲೆ ಬಿಚ್ಚಿಕೊಂಡವು. ಮುಸ್ಸಂಜೆಗೆ ಬಟ್ಟೆಯನ್ನು ಸರಿಸಿದೆವು. ಕ್ಷಣಕಾಲ ರೆಕ್ಕೆಯನ್ನು ನಡುಗಿಸಿ ಅದು ಹಿತ್ತಿಲಿನ ಕತ್ತಲೆಗೆ ಹಾರಿತು. ಅಂದಿನಿಂದ ನಂದಿಬಟ್ಟಲಿನ ಕೊಂಬೆ ಬರಿದಾದರೆ ನಾವು ಗಿಡವನ್ನು ಕುರಿತು ಮರುಗುವುದಿಲ್ಲ. ಎಲೆ ಮತ್ತೆ ಚಿಗುರುತ್ತದೆ.