ಯಂತ್ರದ ಮಿತಿ, ಭಾಷೆಯ ನಿಯಮ

ವ್ಯಾಕರಣದ ನಿಯಮಗಳು ಬಳಕೆಯಿಂದ ರೂಪುಗೊಳ್ಳುತ್ತವೆಂಬುದು ಭಾಷಾಭ್ಯಾಸಿಗಳಿಗೆ ತಿಳಿದ ಸಂಗತಿ. ಗಣಕಯಂತ್ರಕ್ಕೆ ಆದೇಶ ನೀಡಲು ಕಟ್ಟಿಕೊಂಡ ಪ್ರೋಗ್ರಾಮಿಂಗ್ ಭಾಷೆಗಳಿಗಾದರೋ ಶುದ್ಧ ತರ್ಕವೊಂದೇ ಮೂಲವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಎಂದೋ ಮೂಲೆಗೆ ಸೇರಿದ ಯಂತ್ರಗಳ ಮೈಕಟ್ಟು ಈ ಭಾಷೆಗಳ ಅಧಿಕೃತ ಮಾನಕಗಳಲ್ಲಿ ನಿಯಮದ ವೇಷ ತೊಟ್ಟು ಉಳಿದಿದೆ.

ಫೋರ್ಟ್ರಾನ್ ಇದಕ್ಕೆ ಸ್ಪಷ್ಟ ನಿದರ್ಶನ. ಜಾನ್ ಬ್ಯಾಕಸ್ ಅವರ ನೇತೃತ್ವದಲ್ಲಿ ಐಬಿಎಂ ಸಂಸ್ಥೆಯು ತನ್ನ 704 ಯಂತ್ರಕ್ಕಾಗಿ 1957ರಲ್ಲಿ ಹೊರತಂದ ಭಾಷೆಯಿದು. ಆ ಯಂತ್ರದ ಸ್ಮೃತಿಯ ಒಂದೊಂದು ಕೋಶವೂ 36 ಬಿಟ್‌ಗಳದು. ಅಕ್ಷರವೊಂದಕ್ಕೆ 6 ಬಿಟ್‌ಗಳು ಬೇಕಾದುದರಿಂದ ಕೋಶದಲ್ಲಿ ಹಿಡಿಸುತ್ತಿದ್ದುದು ಆರೇ ಅಕ್ಷರ. ಚರಗಳ ಹೆಸರು ಆರು ಅಕ್ಷರಗಳನ್ನು ಮೀರಬಾರದೆಂಬ ಕಟ್ಟಳೆಯ ಹಿನ್ನೆಲೆ ಇದು. ಪಂಚ್ ಕಾರ್ಡಿನಲ್ಲಿ 80 ಕಾಲಂಗಳಿದ್ದರೂ, ಅದರ ಒಂದು ಅಡ್ಡಸಾಲನ್ನು ಯಂತ್ರವು ಎರಡು ಕೋಶಗಳಿಗೆ ಓದಿಕೊಳ್ಳುತ್ತಿತ್ತು. ಎರಡು ಮೂವತ್ತಾರು ಎಪ್ಪತ್ತೆರಡು. ಮಿಕ್ಕ ಎಂಟು ಕಾಲಂಗಳು ಭಾಷೆಯ ಲೆಕ್ಕದಿಂದ ಹೊರಗುಳಿದವು.

1966ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಫೋರ್ಟ್ರಾನಿಗೆ ಮಾನಕವನ್ನು ಗೊತ್ತುಪಡಿಸಿದಾಗ ಈ ಎರಡು ಮಿತಿಗಳೂ ಅದರೊಳಗೆ ಸೇರಿದವು. ಫೋರ್ಟ್ರಾನ್ 77ರಲ್ಲಿಯೂ ಅವು ಮುಂದುವರಿದವು. ಇದರ ಪರಿಣಾಮ ಅಲ್ಪವಾದುದಲ್ಲ. ಬರೆದ ವಾಕ್ಯದಲ್ಲಿ 1500 ಎಂಬ ಸಂಖ್ಯೆಯ ಕೊನೆಯ ಸೊನ್ನೆ 73ನೆಯ ಕಾಲಮಿಗೆ ಜಾರಿದರೆ, ಯಂತ್ರವು 150 ಎಂದೇ ಗ್ರಹಿಸಿ, ಯಾವ ಆಕ್ಷೇಪವನ್ನೂ ಎತ್ತದೆ ತಪ್ಪು ಉತ್ತರ ಕೊಡಬಹುದಿತ್ತು. 31 ಅಕ್ಷರಗಳ ಹೆಸರೂ ಕಾಲಂಗಳ ಹಂಗಿಲ್ಲದ ಬರವಣಿಗೆಯೂ ಮಾನಕದಲ್ಲಿ ಲಭ್ಯವಾದುದು ಫೋರ್ಟ್ರಾನ್ 90ರಲ್ಲಿ.

‘ಸಿ’ ಭಾಷೆಯ ಸಮಸ್ಯೆ ಬೇರೆ ಬಗೆಯದು. 1989ರಲ್ಲಿ ಅದಕ್ಕೆ ಅಮೆರಿಕದ ಮಾನಕ ಸಿದ್ಧವಾಗುವ ವೇಳೆಗೆ, ಋಣಸಂಖ್ಯೆಯನ್ನು ಬೇರೆ ಬೇರೆ ಕ್ರಮದಲ್ಲಿ ಬರೆದಿಡುವ ಯಂತ್ರಗಳು ಬಳಕೆಯಲ್ಲಿದ್ದವು. ಕೆಲವು ಎಲ್ಲ ಬಿಟ್‌ಗಳನ್ನು ತಿರುವಿಡುತ್ತಿದ್ದವು. ಬಹುಪಾಲು ಯಂತ್ರಗಳು ತಿರುವಿದ ಬಳಿಕ ಒಂದನ್ನು ಕೂಡಿಸುತ್ತಿದ್ದವು. ಧನ, ಋಣ ಎರಡೂ ಬರುವ ಪೂರ್ಣಾಂಕವು ತನ್ನ ಮಿತಿಯನ್ನು ಮೀರಿದಾಗ ಬರುವ ಫಲವು ಆಯಾ ಯಂತ್ರಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಮಾನಕವು ಯಾರ ಪಕ್ಷವನ್ನೂ ವಹಿಸದೆ, ಅಂಥ ಫಲ ‘ಅನಿರ್ದಿಷ್ಟ’ವೆಂದು ಸಾರಿತು. ಮುಂದೆ ಕಂಪೈಲರುಗಳು ಇದನ್ನೇ ಆಧಾರವಾಗಿಟ್ಟುಕೊಂಡು, ಮಿತಿ ಮೀರುವುದೇ ಇಲ್ಲವೆಂದು ಊಹಿಸತೊಡಗಿದವು. ಪರಿಣಾಮವಾಗಿ, ಎಚ್ಚರಿಕೆಗೆಂದು ಬರೆದ ಪರೀಕ್ಷಾವಾಕ್ಯಗಳೇ ಕೆಲವೊಮ್ಮೆ ಅನಗತ್ಯವೆನಿಸಿ ಅಳಿದುಹೋದವು. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನಕವು ಋಣಸಂಖ್ಯೆಗೆ ಒಂದೇ ಕ್ರಮವನ್ನು ವಿಧಿಸಿತಾದರೂ ಮಿತಿಮೀರಿದ ಫಲವನ್ನು ಅನಿರ್ದಿಷ್ಟವಾಗಿಯೇ ಉಳಿಸಿಕೊಂಡಿತು.

ಕನ್ನಡಕ್ಕೂ ಇಂಥದೇ ಅನುಭವವುಂಟು. 1991ರ ಭಾರತೀಯ ಲಿಪಿಸಂಕೇತದ ಮಾನಕವಾದ ‘ಇಸ್ಕಿ’ಯು 8 ಬಿಟ್‌ಗಳ ಚೌಕಟ್ಟಿಗೆ ಹೊಂದಿಕೊಂಡು, 256 ಸ್ಥಾನಗಳ ಮೇಲರ್ಧವನ್ನು ನಮ್ಮ ಲಿಪಿಗಳಿಗೆ ಮೀಸಲಿರಿಸಿತು. ಇಸ್ಕಿಯ 1988ರ ರೂಪವನ್ನು ಅನುಸರಿಸಿದ ಯೂನಿಕೋಡಿನಲ್ಲಿ ಕನ್ನಡಕ್ಕೆ ದೊರೆತುದೂ 128 ಸ್ಥಾನಗಳ ಖಂಡವೇ. ದೇವನಾಗರಿಯ ‘ಕ’ಕಾರವು ತನ್ನ ಖಂಡದಲ್ಲಿ ಎಷ್ಟನೆಯದೋ ಕನ್ನಡದ ‘ಕ’ಕಾರವೂ ಅಷ್ಟನೆಯದೇ.

ಯಂತ್ರವನ್ನು ಬದಲಿಸುವುದು ಸುಲಭ. ಅದನ್ನು ನಂಬಿ ಬರೆದಿಟ್ಟ ಬರಹರಾಶಿಯನ್ನು ಬದಲಿಸುವುದು ಕಷ್ಟ. ಆದುದರಿಂದ ಮಾನಕವನ್ನು ರೂಪಿಸುವವರು ತಮ್ಮ ಕಾಲದ ಅನುಕೂಲಕ್ಕೆ ಕೊಡುವ ಒಂದೊಂದು ಒಪ್ಪಿಗೆಯೂ ಮುಂದಿನ ತಲೆಮಾರುಗಳ ಮೇಲೆ ಹೊರಿಸುವ ಹೊಣೆಯೆಂಬುದನ್ನು ಮರೆಯುವಂತಿಲ್ಲ.