ಹಳೆಯ ಮನೆ ಬಿಚ್ಚಿಸುವ ಮುನ್ನ

ನಮ್ಮ ಕಡೆ ಹಳೆಯ ಮನೆಯನ್ನು ‘ಕೆಡವುತ್ತೇವೆ’ ಎನ್ನುವುದಕ್ಕಿಂತ ‘ಬಿಚ್ಚುತ್ತೇವೆ’ ಎನ್ನುವುದೇ ರೂಢಿ. ಈ ಮಾತಿನಲ್ಲೇ ವಿಜ್ಞಾನವಿದೆ. ಕಟ್ಟುವಾಗ ಕೊನೆಗೆ ಏರಿಸಿದ್ದನ್ನು ಮೊದಲು ಇಳಿಸಬೇಕು. ಮೊದಲು ಇಟ್ಟಿದ್ದನ್ನು ಕೊನೆಗೆ ತೆಗೆಯಬೇಕು. ಈ ಕ್ರಮ ತಪ್ಪಿದರೆ ಗೋಡೆ ಕೂಲಿಕಾರರ ಮೇಲೆ ಬೀಳುತ್ತದೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಉಂಟು. ಕಲಘಟಗಿಯತ್ತ ಹೋದಂತೆ ಹಂಚಿನ ಮನೆಗಳು ಕಾಣುತ್ತವೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ವರ್ಷವರ್ಷದ ಈ ಏರಿಳಿತಕ್ಕೆ ಬುನಾದಿ ಅಲುಗಿ ಗೋಡೆ ಸೀಳುತ್ತದೆ. 2019ರ ಆಗಸ್ಟ್ ಮಳೆಗೆ ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ಇಂಥ ಅನೇಕ ಮನೆಗಳು ಬಿದ್ದವು. ಬೀಳದೆ ಬಿರುಕುಬಿಟ್ಟು ನಿಂತ ಮನೆಯನ್ನು ಬಿಚ್ಚುವುದು ಇನ್ನೂ ಕಷ್ಟದ ಕೆಲಸ.

ತಲೆಯ ಮೇಲಿನ ಭಾರ

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ಎಂದರೆ ಸುಮಾರು 11 ಚದರ ಮೀಟರ್. ಮಾಳಿಗೆಯ ಮಣ್ಣು 30 ಸೆಂಟಿಮೀಟರ್ ದಪ್ಪವಿದ್ದು, ಒಂದು ಘನ ಮೀಟರ್ ಒಣ ಮಣ್ಣಿಗೆ 1,600 ಕಿಲೋ ಹಿಡಿದರೆ ಒಟ್ಟು ಭಾರ 5 ಟನ್ನಿಗೂ ಹೆಚ್ಚು! ನೆನೆದ ಮಣ್ಣಾದರೆ 6.5 ಟನ್ ಆಗಬಹುದು. ಇಷ್ಟು ಭಾರ ಜಂತಿ, ತೊಲೆ, ಕಂಬ, ಗೋಡೆಗಳ ಮೂಲಕ ನೆಲಕ್ಕೆ ಇಳಿಯುತ್ತಿರುತ್ತದೆ. ಆದ್ದರಿಂದ ಮೊದಲು ಇಳಿಯಬೇಕಾದದ್ದು ಮಾಳಿಗೆಯ ಮಣ್ಣು. ತೊಲೆ, ಕಂಬಗಳ ಸರದಿ ಆಮೇಲೆ. ಮಳೆಗಾಲದಲ್ಲಿ ಈ ಕೆಲಸ ಬೇಡ.

ಗುತ್ತಿಗೆಯ ಕರಾರು

ಸಾಗುವಾನಿ ತೊಲೆ, ಬಾಗಿಲುಗಳಿರುವ ಮನೆಯಲ್ಲಿ ‘ಕಟ್ಟಿಗೆ ನಮಗೆ ಬಿಡಿ, ಕೂಲಿ ಬೇಡ’ ಎನ್ನುವ ಗುತ್ತಿಗೆದಾರರು ಸಿಗುತ್ತಾರೆ. ಕೇಳಲು ಲಾಭದ ಮಾತು. ಆದರೆ ಕಟ್ಟಿಗೆಯೇ ಕೂಲಿಯಾದಾಗ ಅದನ್ನು ಬೇಗ ಹೊರಗೆಳೆಯುವ ಅವಸರವೂ ಹುಟ್ಟುತ್ತದೆ. ಅದಕ್ಕಿಂತ ಕಟ್ಟಿಗೆಗೆ ಬೇರೆ ದರ, ಕೆಲಸಕ್ಕೆ ಬೇರೆ ಕೂಲಿ ಗೊತ್ತುಮಾಡುವುದು ಲೇಸು.

ಗುತ್ತಿಗೆದಾರನು ಹಿಂದೆ ಬಿಚ್ಚಿಸಿದ ಮನೆ ಯಾವುದು, ಅಲ್ಲಿ ಪಕ್ಕದ ಗೋಡೆ ಹೇಗಿದೆ ಎಂದು ಹೋಗಿ ನೋಡಿ. ‘ಎಲ್ಲಿಂದ ಶುರು ಮಾಡುತ್ತೀರಿ?’ ಎಂದು ಕೇಳಿ. ‘ಜೆಸಿಬಿ ತಂದು ಒಂದೇ ತಾಸಿನಲ್ಲಿ ಮುಗಿಸುತ್ತೇನೆ’ ಎಂಬ ಉತ್ತರ ಓಣಿಯ ನಡುವಿನ ಮನೆಗೆ ತಕ್ಕದ್ದಲ್ಲ. ಕಟ್ಟಡ ಕೆಡಹುವ ಸುರಕ್ಷತೆಗೆಂದೇ ‘ಐಎಸ್ 4130’ ಎಂಬ ಭಾರತೀಯ ಮಾನಕವಿದೆ. 1991ರಲ್ಲಿ ಅದು ಪರಿಷ್ಕೃತವಾಯಿತು. ಕೆಲಸಕ್ಕೆ ಮೊದಲು ಕಟ್ಟಡದ ಪರಿಶೀಲನೆ ಆಗಬೇಕೆನ್ನುತ್ತದೆ ಅದು.

ಅಣ್ಣತಮ್ಮಂದಿರ ಇಲ್ಲವೆ ನೆರೆಯವರ ಮನೆಗೂ ಸೇರಿದ ನಡುಗೋಡೆ ಇದ್ದರೆ ಅವರನ್ನು ಕೂಡಿಸಿಕೊಂಡೇ ಮಾತಾಡಿ. ಅವರ ಜಂತಿಗಳು ಅದೇ ಗೋಡೆಯ ಮೇಲೆ ಕುಳಿತಿರಬಹುದು. ಕೂಲಿ, ಕಟ್ಟಿಗೆ, ಕಲ್ಲು, ಮಣ್ಣಿನ ಸಾಗಣೆ, ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು — ಇವೆಲ್ಲ ಕಾಗದದ ಮೇಲೆ ಬರಲಿ. ಹಣವನ್ನು ಕೆಲಸ ಸಾಗಿದಂತೆ ಕಂತಿನಲ್ಲಿ ಕೊಡಿ. ಹೆಸ್ಕಾಂಗೆ ತಿಳಿಸಿ ವಿದ್ಯುತ್ ತಂತಿ ತೆಗೆಸಿದ ಮೇಲೆಯೇ ಹಾರೆ ಹಿಡಿಯಬೇಕು.

ಮಳೆಗೆ ಹಾನಿಯಾದ ಮನೆಯಾದರೆ ಕೂಡಲೇ ಹೊರಬಂದು, ಪಂಚನಾಮೆ ಮತ್ತು ಫೋಟೊ ಆಗುವವರೆಗೆ ಕಾಯಿರಿ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ದಾಖಲೆಗೆ ಮೊದಲೇ ಮನೆ ಬಿಚ್ಚಿದರೆ ಹಾನಿಯನ್ನು ತೋರಿಸುವುದು ಹೇಗೆ?

ಬೇಲಿಯ ಮಾತು

ಮನೆಯೊಂದಿಗೆ ಹಿತ್ತಲ ಬೇಲಿಯೂ ಹೋಗುವುದುಂಟು. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ, ಬುಡ ಸಮೇತ ಅಗೆಸಬೇಕು. ಬಿಗಿದ ಮುಳ್ಳುತಂತಿಯನ್ನು ಒಮ್ಮೆಗೇ ಕತ್ತರಿಸಿದರೆ ಚಾಟಿಯಂತೆ ಮರಳಿ ಬಡಿಯುತ್ತದೆ. ಮೊದಲು ಬಿಗಿ ಸಡಿಲಿಸಬೇಕು. ಬೇಲಿಯ ಸಾಲಿನಲ್ಲಿರುವ ಬಾಂದುಕಲ್ಲನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಬೇಲಿ ಹೋದ ಮೇಲೆ ನಮ್ಮ ಗಡಿಗೆ ಅದೇ ಸಾಕ್ಷಿ.

ಹದಿನೆಂಟು ತುಂಬದ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬೇಡಿ; ರಜೆಯಿದೆ, ಕೈಗೆ ನಾಲ್ಕು ಕಾಸು ಬರುತ್ತದೆ ಎಂದಾದರೂ ಬೇಡ. ಮಕ್ಕಳು ಮಾಡಬಹುದಾದದ್ದು ಬೇರೆ ಇದೆ. ಮನೆಯ ಮಾಳಿಗೆಯನ್ನು ಅಳೆದು, ಭಾರದ ಲೆಕ್ಕ ಹಾಕಿ ಹಿರಿಯರಿಗೆ ತೋರಿಸಲಿ. ತಮ್ಮ ತಲೆಯ ಮೇಲೆ ಎಷ್ಟು ಟನ್ ಇದೆಯೆಂದು ಗೊತ್ತಾದ ಮನೆಯವರು ಗುತ್ತಿಗೆದಾರನಿಗೆ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಡಬೇಕು?’ ಎಂದಾಗಿರುವುದಿಲ್ಲ.